ಬಿಳಿಯ ರಕ್ತದ ವ್ಯಾಧಿ

ಮಗುವಿನ ಜ್ವರ ಬಿಡದೆ ಮುಖ ಬಿಳಿಚಿಕೊಂಡರೆ, ವಿದ್ಯಾವಂತರಾದ ನಾವು ಸಹ ಮೊದಲು ದೃಷ್ಟಿ ನಿವಾಳಿಸಿ ಆಮೇಲೆ ವೈದ್ಯರನ್ನು ನೆನೆಯುತ್ತೇವೆ. ಅಪರೂಪಕ್ಕೆ ಅದು ಲ್ಯುಕೀಮಿಯ ರೋಗದ ಸೂಚನೆಯಾಗಿರಬಹುದು.

ರಕ್ತಕಣಗಳು ಹುಟ್ಟುವುದು ಎಲುಬಿನ ಮಜ್ಜೆಯಲ್ಲಿ. ಅಲ್ಲಿ ವಿಕಾರಗೊಂಡ ಬಿಳಿಯ ಕಣಗಳು ಮಿತಿಮೀರಿ ಹೆಚ್ಚಿದರೆ, ಕಳೆ ಬೆಳೆದ ಗದ್ದೆಯ ಪೈರಿನಂತೆ ಉಳಿದ ಕಣಗಳು ಸೊರಗುತ್ತವೆ. ನಿಶ್ಶಕ್ತಿ, ಜ್ವರ, ವಸಡಿನ ರಕ್ತಸ್ರಾವಗಳು ತೋರುತ್ತವೆ. 'ಬಿಳಿಯ ರಕ್ತ'ವೆಂಬರ್ಥದ ಈ ಹೆಸರನ್ನು 1847ರಲ್ಲಿ ಇಟ್ಟವನು ಜರ್ಮನಿಯ ವಿರ್ಕೋ ಪಂಡಿತನು.

ಹೆಸರು ಒಂದಾದರೂ ರೋಗವು ಒಂದಲ್ಲ. ವೇಗದಿಂದ ತೀವ್ರ, ನಿಧಾನ ಎಂದೂ, ಕಣದ ಜಾತಿಯಿಂದ ಲಿಂಫಾಯಿಡ್, ಮೈಲಾಯಿಡ್ ಎಂದೂ ವಿಂಗಡಿಸಿದರೆ ಮುಖ್ಯ ಭೇದಗಳು 4 ಆಗುತ್ತವೆ. ನಮ್ಮ ಕೃಷ್ಣರಾಜೇಂದ್ರ ಆಸ್ಪತ್ರೆಯಂತಹ ಕಡೆ ರಕ್ತದ ಎಣಿಕೆ ಸುಲಭವಾಗಿ ಆಗುತ್ತದೆ. ಒಂದು ಮೈಕ್ರೋಲೀಟರಿನಲ್ಲಿ 4,000ದಿಂದ 11,000 ಬಿಳಿಯ ಕಣಗಳಿರುವುದು ಸಹಜ. ಸಂಶಯ ಬಂದರೆ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಸೊಂಟದ ಎಲುಬಿನಿಂದ ಮಜ್ಜೆಯನ್ನು ತೆಗೆದು ಪರೀಕ್ಷಿಸಿ ಭೇದವನ್ನು ನಿಶ್ಚಯಿಸುವರು.

ಭೇದದಂತೆ ಚಿಕಿತ್ಸೆ. ನಿಧಾನದ ಮೈಲಾಯಿಡ್ ಬಗೆಗೆ 2001ರಿಂದ ಇಮ್ಯಾಟಿನಿಬ್ ಎಂಬ ಔಷಧ ಉಂಟು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ತೀವ್ರ ಲಿಂಫಾಯಿಡ್ ಬಗೆಗೆ ಎರಡು ಮೂರು ವರ್ಷ ಔಷಧ ನಡೆಯಬೇಕು; ನಡೆದರೆ ಬಹುಪಾಲು ಮಕ್ಕಳು ಗುಣಹೊಂದುತ್ತಾರೆ.

ಅಪಾಯವಿರುವುದು ಇಲ್ಲಿಯೇ. ಕೆಲವು ವಾರಗಳಲ್ಲಿ ಜ್ವರ ಇಳಿದು ಮಗು ಆಡತೊಡಗುತ್ತದೆ. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಇನ್ನೂ ಅಲೆಯುವುದೇಕೆಂದು ನಾವು ಚಿಕಿತ್ಸೆಯನ್ನು ನಿಲ್ಲಿಸಿದರೆ, ಅಡಗಿದ್ದ ಕಣಗಳು ಮತ್ತೆ ತಲೆಯೆತ್ತುವುವು. ಆಡುವ ಮಗುವಿಗೂ ಔಷಧ ಬೇಕೆಂಬುದನ್ನು ನಾವು ಮರೆಯಲಾಗದು.