ಕಾರ್ತಿಕದ ಹುಲ್ಲು, ಆಷಾಢದ ಹೊಟ್ಟೆ

ಕಳೆದ ವರ್ಷ ಮೇ ತಿಂಗಳಲ್ಲಿ ಮೊಮ್ಮಗನನ್ನು ಕರೆದುಕೊಂಡು ಮಾಥೆರಾನಿಗೆ ಹೋಗಿದ್ದೆ. ಡೊಂಬಿವಲಿಯಲ್ಲಿರುವ ನಮಗೆ ಅದು ಹತ್ತಿರದ ಗಿರಿಧಾಮ. ನೇರಳ್‌ವರೆಗೆ ಲೋಕಲ್, ಅಲ್ಲಿಂದ ಟ್ಯಾಕ್ಸಿಯಲ್ಲಿ ದಸ್ತೂರಿ ನಾಕಾ. ಕಾರು, ಬೈಕುಗಳೆಲ್ಲ ಅಲ್ಲಿಗೇ ನಿಲ್ಲಬೇಕು. ಮುಂದೆ ಕೆಂಪುಮಣ್ಣಿನ ದಾರಿಯಲ್ಲಿ ನಡೆಯಬೇಕು, ಇಲ್ಲವೇ ಪುಟಾಣಿ ರೈಲು ಹತ್ತಬೇಕು, ಇಲ್ಲವೇ ಕುದುರೆ. ಈಚೆಗೆ ಒಂದಿಷ್ಟು ಇ-ರಿಕ್ಷಾಗಳೂ ಬಂದಿವೆ. ಆದರೆ ಆರು ವರ್ಷದ ಹುಡುಗನಿಗೆ ಕುದುರೆ ಕಂಡ ಮೇಲೆ ಬೇರೆ ಯಾವುದು ಬೇಕು?

ಕುದುರೆಯವನು ದರ ಹೇಳಿದ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದವನು ನಾನು, ಹೇಳಿದಷ್ಟು ಕೊಟ್ಟು ಅಭ್ಯಾಸವಿಲ್ಲ. ಚೌಕಾಶಿ ಮಾಡಿ 200 ರೂಪಾಯಿ ಇಳಿಸಿದೆ. ಅವನು ಜಗಳವಾಡಲಿಲ್ಲ. ಹುಡುಗನನ್ನು ಎತ್ತಿ ಜೀನಿನ ಮೇಲೆ ಕೂರಿಸುತ್ತ, "ಇನ್ನೂರು ರೂಪಾಯಿಗೆ ನಮ್ಮ ಬಿಜಲಿ ಹೆಚ್ಚುಕಡಿಮೆ ಮೂರು ದಿನ ಹುಲ್ಲು ತಿನ್ನುತ್ತಾಳೆ, ಕಾಕಾ" ಎಂದ, ಅಷ್ಟೇ.

ಆ ಮಾತು ಚುಚ್ಚಿತು ಎಂದರೆ ಸುಳ್ಳಾದೀತು. ಮೊದಲು ನನಗೆ ಹುಟ್ಟಿದ್ದು ಅನುಮಾನ. ಒಂದು ಕುದುರೆ ದಿನಕ್ಕೆ ಎಷ್ಟು ತಿನ್ನುತ್ತದೆ, ಎಷ್ಟು ಖರ್ಚು? ಲಗಾಮು ಹಿಡಿದು ನಡೆಯುತ್ತಿದ್ದ ಅವನ ಪಕ್ಕದಲ್ಲಿ ನಾನೂ ನಡೆಯುತ್ತ ಕೇಳುತ್ತ ಹೋದೆ. ಅವನಿಗೆ ಮೂರು ಕುದುರೆ. ಅಪ್ಪನಿಗೂ ಇದೇ ಕಸುಬು.

ನಮ್ಮ ಕಡೆಯ ಎಮ್ಮೆ, ಎತ್ತುಗಳ ಲೆಕ್ಕ ಕುದುರೆಗೆ ಹೊಂದುವುದಿಲ್ಲ. ಎಮ್ಮೆ ಗಬಗಬ ತಿಂದು ಆಮೇಲೆ ಮೆಲುಕು ಹಾಕುತ್ತದೆ, ಒರಟು ಮೇವನ್ನೂ ಅರಗಿಸಿಕೊಳ್ಳುತ್ತದೆ. ಕುದುರೆಗೆ ಮೆಲುಕಿಲ್ಲ. ದೇಹಕ್ಕೆ ಹೋಲಿಸಿದರೆ ಜಠರ ಚಿಕ್ಕದು, ಹಾಗಾಗಿ ದಿನವಿಡೀ ಸ್ವಲ್ಪ ಸ್ವಲ್ಪ ಮೇಯುತ್ತಲೇ ಇರಬೇಕು. ದೇಹದ ತೂಕದ ಶೇ. 1.5ರಿಂದ 2ರಷ್ಟು ಒಣಮೇವು ದಿನಕ್ಕೆ ಬೇಕೇ ಬೇಕು. 300 ಕೆಜಿ ತೂಗುವ ಸಣ್ಣ ಕುದುರೆಗೆ ಸುಮಾರು 6 ಕೆಜಿ. ತುಳಿದು ಚೆಲ್ಲುವುದೂ ಸೇರಿದರೆ 7 ಕೆಜಿ. ದುಡಿಯುವ ಕುದುರೆಗೆ ಇದರ ಮೇಲೆ ಕಡಲೆ, ಬೂಸಾ ಬೇರೆ. ಹುಲ್ಲಿನ ದರ ಊರೂರಿಗೆ, ತಿಂಗಳು ತಿಂಗಳಿಗೆ ಬದಲಾಗುತ್ತದೆ. ಲೆಕ್ಕ ಸುಲಭವಾಗಲೆಂದು ಕೆಜಿಗೆ 10 ರೂಪಾಯಿ ಎಂದಿಟ್ಟುಕೊಳ್ಳಿ, ದಿನಕ್ಕೆ 70 ರೂಪಾಯಿ. ನಾನು ಇಳಿಸಿದ 200 ರೂಪಾಯಿ ನಿಜಕ್ಕೂ ಮೂರು ದಿನದ ಹುಲ್ಲೇ.

"ರಜೆಯಲ್ಲಿ ದಿನಕ್ಕೆ ಐದಾರು ಸವಾರಿ ಸಿಕ್ಕರೆ ಹುಲ್ಲಿನ ಖರ್ಚು ದೊಡ್ಡದೇನಲ್ಲವಲ್ಲ?" ಎಂದೆ.

"ಮೇ ತಿಂಗಳಲ್ಲಿ ಅಲ್ಲ, ಕಾಕಾ. ನೀವು ಜುಲೈನಲ್ಲಿ ಬಂದು ನೋಡಿ."

ಹಿಮ ಬೀಳುವ ದೇಶಗಳಲ್ಲಿ ಕುದುರೆ ಸಾಕುವವರ ಚಿಂತೆಯೆಲ್ಲ ಚಳಿಗಾಲದ್ದು. ಬೇಸಿಗೆಯಲ್ಲಿ ಹುಲ್ಲು ಕೊಯ್ದು, ಒಣಗಿಸಿ, ಚಳಿಗಾಲಕ್ಕೆ ಕೂಡಿಡುತ್ತಾರೆ. ಸಹ್ಯಾದ್ರಿಯಲ್ಲಿ ಲೆಕ್ಕ ತಿರುಗುಮುರುಗು. ಮಳೆ ನಿಂತ ಮೇಲೆ, ಅಕ್ಟೋಬರ್-ನವೆಂಬರಿನಲ್ಲಿ, ಬೆಟ್ಟದ ಬುಡದ ಇಳಿಜಾರುಗಳಲ್ಲಿ ಹುಲ್ಲು ಕೊಯ್ಯುತ್ತಾರೆ. ಚಳಿಗಾಲವೆಂದರೆ ಹುಲ್ಲು ಕೊಳ್ಳುವ ಕಾಲ. ಕಷ್ಟದ ಕಾಲ ಮಳೆಗಾಲ. ಆಗ ನೇರಳ್‌ನಿಂದ ಮೇಲೆ ಬರುವ ರೈಲು ನಿಲ್ಲುತ್ತದೆ, ವಾರದ ದಿನಗಳಲ್ಲಿ ಪೇಟೆ ಬಿಕೋ ಎನ್ನುತ್ತದೆ. ಸವಾರಿ ಇಲ್ಲ, ಹೊಟ್ಟೆ ಮಾತ್ರ ಇದೆ.

ಮಳೆಗಾಲದಲ್ಲಿ ಹಸಿರಿಗೇನು ಬರ ಎಂದು ನಾನೂ ಕೇಳಿದೆ. ಮಾಥೆರಾನ್ ಮೇಲೆ ಇರುವುದು ಕಾಡು, ಮರದ ನೆರಳಿನಡಿ ಹುಲ್ಲು ಕಡಿಮೆ. ಎಳೆ ಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ. ಒಣಮೇವಿನಿಂದ ಏಕಾಏಕಿ ಹಸಿಗೆ ಬದಲಾಯಿಸಿದರೆ ಕುದುರೆಗೆ ಹೊಟ್ಟೆ ಕೆಡುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು. ಹೊಟ್ಟೆನೋವು ಬಂದ ಕುದುರೆ ಬೆವತು, ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಕೆಲವು ಸಲ ಬೆಳಗಾಗುವುದರೊಳಗೆ ಸತ್ತೇ ಹೋಗುತ್ತದೆ. ಹುಲ್ಲು ದುಬಾರಿಯಾದಾಗ ಗೋಧಿಯ ಒಣಕಡ್ಡಿಯ ಹೊಟ್ಟನ್ನು ಹೆಚ್ಚಾಗಿ ಹಾಕುವವರಿದ್ದಾರೆ. ಹೊಟ್ಟೆ ತುಂಬುತ್ತದೆ, ಆದರೆ ಕರುಳಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುವ ಭಯ. ಬೂಷ್ಟು ಹಿಡಿದ ಹುಲ್ಲು ಹಾಕಿದರೆ ಕೆಮ್ಮು. ಅಲ್ಲಿ ಉಳಿಸಿದ ದುಡ್ಡು ಡಾಕ್ಟರಿಗೆ ಹೋಗುತ್ತದೆ.

ದೀಪಾವಳಿ ಕಳೆದ ಮೇಲೆ ನಾನೊಬ್ಬನೇ ಮತ್ತೆ ಹೋದೆ. ನಿವೃತ್ತನಿಗೆ ಬೇರೆ ಕೆಲಸವೇನಿದೆ? ಅಂದು ಅವನು ಹುಲ್ಲು ಕೊಳ್ಳಲು ಕೆಳಗೆ ನೇರಳ್ ಕಡೆ ಇಳಿದಿದ್ದ. ವ್ಯಾಪಾರಿಯ ಅಂಗಳದಲ್ಲಿ ಆಳೆತ್ತರದ ರಾಶಿ. ಅವನು ಮೇಲಿನ ಹುಲ್ಲನ್ನು ನೋಡಲೇ ಇಲ್ಲ. ಕಟ್ಟಿನ ನಡುವೆ ಮೊಣಕೈವರೆಗೆ ಕೈ ತೂರಿಸಿದ. ಒಳಗೆ ಬಿಸಿ ತಗುಲಿದರೆ ಹುಲ್ಲು ಪೂರ್ತಿ ಒಣಗಿಲ್ಲವೆಂದು ಅರ್ಥ. ಒಂದು ಹಿಡಿ ಎಳೆದು ಮೂಸಿದ, ಕಡ್ಡಿಯನ್ನು ತಿರುಚಿ ಮುರಿದ. ನಮ್ಮಪ್ಪ ಬಣವೆಗೆ ಕೈ ಹಾಕಿ ನೋಡುತ್ತಿದ್ದ ರೀತಿ ಥೇಟ್ ಹೀಗೇ.

ಕೊಂಡದ್ದು ಮಾತ್ರ ಹದಿನೈದು ದಿನಕ್ಕಾಗುವಷ್ಟು. ವರ್ಷದಲ್ಲೇ ಅತಿ ಅಗ್ಗದ ಹುಲ್ಲು ಎದುರಿಗಿದೆ, ಕೈಯಲ್ಲಿ ದೀಪಾವಳಿಯ ಗಳಿಕೆ ಇರಬೇಕು, ಹಾಗಿದ್ದೂ ಹದಿನೈದು ದಿನದ್ದೇ ಏಕೆ? ದೀಪಾವಳಿಯ ದುಡ್ಡು ಬಂದದ್ದು ನಿಜ. ಆದರೆ ಜುಲೈ-ಆಗಸ್ಟಿನಲ್ಲಿ ಉದ್ರಿ ತಂದ ಹುಲ್ಲು, ಕಡಲೆ, ಮನೆಯ ಕಿರಾಣಿ, ಎಲ್ಲದರ ಬಾಕಿಗೆ ಅದು ಆಗಲೇ ಹೋಗಿತ್ತು. ದುಡ್ಡು ಸರಿಯಾದ ತಿಂಗಳಿಗೇ ಬರುತ್ತದೆ, ಆದರೆ ಬರುವಾಗಲೇ ಅದು ಅವನದಾಗಿರುವುದಿಲ್ಲ.

ಅಂಗಳದ ಕಟ್ಟೆಯ ಮೇಲೆ ಕುಳಿತು, ಜೇಬಿನಲ್ಲಿದ್ದ ಬಿಲ್ಲಿನ ಬೆನ್ನ ಮೇಲೆ ಲೆಕ್ಕ ಹಾಕಿದೆ. ಮೂರು ಕುದುರೆ, ದಿನಕ್ಕೆ 7 ಕೆಜಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನ. ಒಟ್ಟು 2,562 ಕೆಜಿ. ನವೆಂಬರಿನಲ್ಲಿ ಕೆಜಿಗೆ 10 ರೂಪಾಯಿಯಂತೆ ಕೊಂಡರೆ 25,620 ರೂಪಾಯಿ. ಅದೇ ಹುಲ್ಲು ಮಳೆಯಲ್ಲಿ 15 ಆದರೆ 38,430. ವ್ಯತ್ಯಾಸ 12,810. ಇನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ಏಳು ತಿಂಗಳ ಸಾಲ ತಂದು ಕೊಂಡ ಎನ್ನಿ, ಬಡ್ಡಿ 5,380. ಹತ್ತರಲ್ಲೊಂದು ಪಾಲು ಮಳೆಗೆ ಕೊಳೆತರೆ ಇನ್ನೊಂದು 2,562. ಎರಡೂ ಕಳೆದ ಮೇಲೂ 4,868 ರೂಪಾಯಿ ಉಳಿಯುತ್ತದೆ. ಅಂಥ ಬಡ್ಡಿ ಕೊಟ್ಟೂ ಲಾಭ!

ಚೀಟಿಯನ್ನು ಅವನಿಗೆ ತೋರಿಸಿದೆ. ನೋಡಿ ನಕ್ಕ. "ಲೆಕ್ಕ ನನಗೂ ಗೊತ್ತು ಕಾಕಾ. ಹುಲ್ಲಿಗೆ ಸಾಲ ಕೊಡುವವರು ಯಾರು?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಮೇಜಿನ ಮುಂದೆ ಎಷ್ಟೋ ಜನ ನಿಂತಿದ್ದಾರೆ. ಎಮ್ಮೆ ಕೊಳ್ಳಲು ಸಾಲ ಕೊಟ್ಟಿದ್ದೇನೆ, ಟೆಂಪೋಗೆ ಕೊಟ್ಟಿದ್ದೇನೆ. ಕೊಂಡ ಎಮ್ಮೆಗೆ ಮೇವು ಹಾಕಲು ಕೇಳಿದವನಿಗೆ, "ಅದು ತಿಂದು ಹೋಗುವ ದುಡ್ಡು, ಅದಕ್ಕೆ ಜಾಮೀನೇನು?" ಎಂದು ಕಳಿಸಿದ್ದೇನೆ. ಹಾಗೆ ಕಳಿಸಿದವನು 1972ರ ಬರ ನೋಡಿದವನು ಎಂಬುದೇ ನಾಚಿಕೆ.

ಆಗ ನನಗೆ ಒಂಬತ್ತು ವರ್ಷ, ಊರು ಬಿಜಾಪುರ ಜಿಲ್ಲೆಯಲ್ಲಿ. ಜೋಳದ ಬೆಳೆ ಮೇಲೇಳಲಿಲ್ಲ, ಕಣಿಕೆಯೂ ಇಲ್ಲ. ಹಿತ್ತಲ ಬಣವೆ ದಿನದಿನಕ್ಕೆ ಕರಗಿ, ಕೊನೆಗೆ ನೆಲಕ್ಕೆ ಹಾಸಿದ್ದ ಕಲ್ಲು ಕಂಡವು. ಅಪ್ಪ ಜೋಡೆತ್ತು ಹೊಡೆದುಕೊಂಡು ಸಂತೆಗೆ ಹೋದ. ಸಂತೆಯಲ್ಲಿ ಎಲ್ಲರೂ ಮಾರುವವರೇ. ಮೇವು ತುಟ್ಟಿಯಾದ ವರ್ಷವೇ ದನ ಅಗ್ಗ. ಬರಿ ಹಗ್ಗ ಹಿಡಿದು ಮನೆಗೆ ಬಂದ ಅಪ್ಪ ನನಗೆ ಹೇಳಿದ್ದು ಒಂದೇ ಮಾತು: "ಎತ್ತ ಮಾರಿದ್ದು ರೊಕ್ಕಕ್ಕಲ್ಲೋ ತಮ್ಮಾ, ಮೇವಿಗೆ." ಮುಂದಿನ ವರ್ಷ ಮಳೆ ಬಂತು. ಆದರೆ ಅದೇ ದುಡ್ಡಿಗೆ ಒಂದು ಎತ್ತೂ ಸಿಗಲಿಲ್ಲ. ಆಮೇಲೆ ನಾವು ಬೇಸಾಯ ಬಿಟ್ಟೆವು. ನಾನು ಮುಂಬಯಿಗೆ ಬರುವುದಕ್ಕೆ ಕಾರಣ ಹುಡುಕುತ್ತ ಹೋದರೆ ಆ ಖಾಲಿ ಬಣವೆಗೇ ಬಂದು ನಿಲ್ಲುತ್ತೇನೆ.

ದಸ್ತೂರಿಯವರೆಗೆ ಹುಲ್ಲು ಟೆಂಪೋದಲ್ಲಿ ಬಂತು. ಅಲ್ಲಿಂದ ಮುಂದೆ ಟೆಂಪೋಗೂ ಪ್ರವೇಶವಿಲ್ಲ. ಬಿಜಲಿಯ ಬೆನ್ನಿಗೆ ಕಟ್ಟುಗಳನ್ನು ಬಿಗಿದ. ತನ್ನ ಊಟವನ್ನು ತಾನೇ ಹೊತ್ತು ಅವಳು ಬೆಟ್ಟದ ದಾರಿ ಹಿಡಿದಳು. ಹಿಂದೆ ಬರುತ್ತಿದ್ದ ಇನ್ನೊಂದು ಕುದುರೆ ಅವಳ ಹೊರೆಯಿಂದ ನಾಲ್ಕು ಕಡ್ಡಿ ಎಳೆದು ತಿನ್ನುತ್ತಿತ್ತು.

ಮನೆಗೆ ಬಂದವನು ನಮ್ಮ ಸೊಸೈಟಿಯ ನಾಲ್ಕು ಕನ್ನಡ ಮನೆಗಳವರೊಂದಿಗೆ ಮಾತಾಡಿದೆ. ಹೇಗೂ ಮೇ ತಿಂಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ, ಸವಾರಿಯ ದುಡ್ಡು ಕೊಡುತ್ತೇವೆ. ಅದನ್ನೇ ಈಗ ಕೊಟ್ಟರೆ? ನಮ್ಮದೂ ಸೇರಿ ಐದು ಮನೆ, ತಲಾ 2,000. ಹತ್ತು ಸಾವಿರವೆಂದರೆ 1,000 ಕೆಜಿ ಹುಲ್ಲು, ಒಂದು ಕುದುರೆಯ ಮಳೆಗಾಲ ದಾಟಿ ಇನ್ನೂ ಸ್ವಲ್ಪ ಉಳಿಯುತ್ತದೆ. ಇದು ದಾನವಲ್ಲ, ಮುಂಗಡ. ದಾನವೆಂದಿದ್ದರೆ ಅವನು ತೆಗೆದುಕೊಳ್ಳುತ್ತಲೂ ಇರಲಿಲ್ಲ. ದುಡ್ಡು ಎಣಿಸಿಕೊಂಡು, ಯಾರದು ಎಷ್ಟು ಎಂದು ಮಗಳ ನೋಟ್‌ಬುಕ್ಕಿನಲ್ಲಿ ಬರೆಸಿಟ್ಟ.

ಈ ಮೇ ತಿಂಗಳಲ್ಲಿ ಐದೂ ಮನೆಯವರು ಹೋಗಿ ಬಂದೆವು. ನೋಟ್‌ಬುಕ್ ತೆರೆದು ಒಂದೊಂದೇ ಸವಾರಿಗೆ ಗೀಟು ಹಾಕಿದ. ಹೊರಡುವಾಗ ತಗಡಿನ ಕೊಟ್ಟಿಗೆಗೆ ಕರೆದೊಯ್ದು ತೋರಿಸಿದ. ನೆಲದಿಂದ ಮೇಲೆ ಬಿದಿರಿನ ಅಟ್ಟ, ಅದರ ಮೇಲೆ ತಾಡಪಾಲು ಹೊದಿಸಿದ ಹುಲ್ಲು. ನಾನೂ ನಡುವೆ ಕೈ ತೂರಿಸಿ ನೋಡಿದೆ. ತಣ್ಣಗಿತ್ತು, ಒಣಗಿತ್ತು.

ಇದನ್ನು ಬರೆಯುವಾಗ ಹೊರಗೆ ಮಳೆ ಹೊಯ್ಯುತ್ತಿದೆ. ಬಿಜಲಿಯ ಹುಲ್ಲು ಅಟ್ಟದ ಮೇಲಿದೆ. ಉಳಿದ ಎರಡು ಕುದುರೆಗಳಿಗೆ ಅವನು ಈ ವರ್ಷವೂ ಜುಲೈ ದರದಲ್ಲೇ ಉದ್ರಿ ತರಬೇಕು. ದೀಪಾವಳಿಗೆ ಇನ್ನೂ ತಿಂಗಳುಗಳಿವೆ. ಮಾಥೆರಾನಿಗೆ ಹೋಗುವ ಅಭ್ಯಾಸ ನಿಮಗೂ ಇದ್ದರೆ, ಹೋಗುವ ತಿಂಗಳು ಯಾವುದೇ ಇರಲಿ, ದುಡ್ಡು ಕೊಡುವ ತಿಂಗಳು ಯಾವುದಾದರೆ ಒಳ್ಳೆಯದೆಂದು ಒಮ್ಮೆ ಯೋಚಿಸಿ ನೋಡಿ.