ಯಾವ ಬಸ್ಸು ಎಂದು ಹೇಳಿದಿರಾ?



ಚಿಕ್ಕಲಸಂದ್ರದ ಬಸ್ ನಿಲ್ದಾಣದಲ್ಲಿ ನಿಂತು 'ಐದು ಜನರನ್ನು ಹತ್ತಿಸಿಕೊಳ್ಳಿ' ಎಂದು ಗಾಳಿಗೆ ಕೂಗಿದರೆ ಪ್ರಯೋಜನವಿಲ್ಲ. ಎದುರಿಗೆ ನಿಂತ ಬಸ್ಸಿನ ಕಂಡಕ್ಟರಿಗೆ ಹೇಳಬೇಕು. ಪೈಥಾನ್ ಕಲಿಯುವವರು ಎಡವುವುದೂ ಇಲ್ಲಿಯೇ.

1991ರಲ್ಲಿ ಹೊರಬಂದ ಈ ಕಂಪ್ಯೂಟರ್ ಭಾಷೆಯ ಮೂರನೆಯ ಆವೃತ್ತಿ 2008ರಲ್ಲಿ ಬಂತು. ಅದರಲ್ಲಿ ನಾವು ಇಡುವ ಹೆಸರುಗಳು ಕನ್ನಡದಲ್ಲೇ ಇರಬಹುದು. 'ಬಸ್' ಎಂಬ ಕ್ಲಾಸ್ ರಚಿಸಿ, ಅದರೊಳಗೆ ಹತ್ತಿಸು(ತಾನು, ಜನ) ಎಂಬ ಮೆಥಡ್ ಬರೆದಿದ್ದೀರಿ ಎನ್ನೋಣ. ಪುಸ್ತಕಗಳಲ್ಲಿ 'ತಾನು' ಬದಲು 'ಸೆಲ್ಫ್' ಎಂದಿರುತ್ತದೆ. ಅದು ರೂಢಿ, ನಿಯಮವಲ್ಲ. ಕ್ಲಾಸ್ ಎಂದರೆ ಬಸ್ಸಿನ ನಕ್ಷೆ. ಬಸ್() ಎಂದಾಗ ಮಾತ್ರ ನಿಜವಾದ ಒಂದು ಬಸ್ಸು ಸಿದ್ಧವಾಗುತ್ತದೆ.

ಮೊದಲ ತಪ್ಪು: ಬಸ್.ಹತ್ತಿಸು(5) ಎಂದು ನಕ್ಷೆಗೇ ಆಜ್ಞೆ ಕೊಡುವುದು. ಆಗ 5 ಎಂಬುದು 'ತಾನು' ಜಾಗದಲ್ಲಿ ಕೂರುತ್ತದೆ. ಯಂತ್ರವೋ 'ಜನ' ಸಿಕ್ಕಿಲ್ಲವೆಂದು ದೂರುತ್ತದೆ! ಕೊಟ್ಟದ್ದನ್ನೇ ಕೊಟ್ಟಿಲ್ಲವೆಂದರೆ ಯಾರಿಗೂ ಗೊಂದಲವೇ. ನಾನೂ ಇದರಲ್ಲಿ ಒಂದು ಸಂಜೆ ಕಳೆದಿದ್ದೇನೆ. ಪರಿಹಾರ: ಬಂಡಿ = ಬಸ್() ಎಂದು ಬರೆದು, ಬಳಿಕ ಬಂಡಿ.ಹತ್ತಿಸು(5) ಎನ್ನಿ. ಬಂಡಿಯನ್ನು 'ತಾನು' ಜಾಗಕ್ಕೆ ಪೈಥಾನ್ ತಾನಾಗಿಯೇ ಸೇರಿಸುತ್ತದೆ.

ಎರಡನೆಯದು: ಮೆಥಡ್ ಬರೆಯುವಾಗ 'ತಾನು' ಮರೆಯುವುದು. ನೀವು ಕೊಟ್ಟದ್ದು ಒಂದೇ ಬೆಲೆ, ಯಂತ್ರ 'ಎರಡು ಬಂದಿವೆ' ಎನ್ನುತ್ತದೆ. ಎರಡನೆಯದು ಆ ಬಂಡಿಯೇ.

ಮೂರನೆಯದು: ಆವರಣ ಚಿಹ್ನೆ ಬಿಡುವುದು. ಬಂಡಿ.ಹತ್ತಿಸು ಎಂದಷ್ಟೇ ಬರೆದರೆ ದೂರೂ ಇಲ್ಲ, ಕೆಲಸವೂ ಇಲ್ಲ. ಇದು ಮೌನವಾಗಿ ಮೋಸಮಾಡುವ ತಪ್ಪು.

ಹಾಗಾದರೆ ಎಲ್ಲ ಬಸ್ಸುಗಳಿಗೂ ಒಂದೇ ಆದ ಟಿಕೆಟ್ ದರ ಬದಲಾಯಿಸುವುದು ಹೇಗೆ? ಅದಕ್ಕೆಂದೇ ಕ್ಲಾಸ್‌ಮೆಥಡ್ ಇದೆ. ಮೆಥಡ್‌ನ ಮೇಲಿನ ಸಾಲಿನಲ್ಲಿ @ ಚಿಹ್ನೆಯೊಡನೆ ಆ ಪದ ಬರೆದರೆ, ಮೊದಲ ಸ್ಥಾನಕ್ಕೆ ಬಂಡಿಯ ಬದಲು ಕ್ಲಾಸೇ ಹೋಗುತ್ತದೆ. ಆಗ ಬಸ್.ದರ_ಹಾಕು(10) ಎಂಬುದು ಸರಿಯಾದ ಕರೆ. ಬಂಡಿ.ದರ = 10 ಎಂದರೆ ಆ ಒಂದು ಬಂಡಿಯ ದರ ಮಾತ್ರ ಬದಲಾಗುತ್ತದೆ.

ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ಮಕ್ಕಳು ಪರದೆಯ ಮೇಲಿನ ದೂರನ್ನು ಕಂಡು, 'ನನ್ನ ಇಂಗ್ಲಿಷ್ ಸಾಲದು' ಎಂದು ಕುಗ್ಗಿಬಿಡುತ್ತಾರೆ. ಕುಗ್ಗಬೇಡಿ. ಇಲ್ಲಿ ಪದಗಳ ಅರ್ಥ ಪೂರ್ತಿ ತಿಳಿದರೂ ದಾರಿ ತಪ್ಪುವುದುಂಟು. ದೂರು ಬಂದೊಡನೆ ಎರಡು ಪ್ರಶ್ನೆ ಕೇಳಿಕೊಳ್ಳಿ: ಯಾವ ಬಸ್ಸಿಗೆ ಹೇಳಿದೆ? ಮೊದಲ ಸ್ಥಾನದಲ್ಲಿ ಯಾರು ಕುಳಿತಿದ್ದಾರೆ? ಉತ್ತರ ಸಿಕ್ಕರೆ ಬಸ್ಸು ಹೊರಟಂತೆಯೇ.