ಟ್ರೂಮನ್ ಮೇಜಿಗೆ ಬರುತ್ತಿದ್ದ ಕೊರಿಯಾ

1950ರ ಜೂನ್ 24, ಶನಿವಾರ. ರಾತ್ರಿ 9 ಗಂಟೆ 26 ನಿಮಿಷಕ್ಕೆ ವಾಷಿಂಗ್ಟನ್ನಿನ ವಿದೇಶಾಂಗ ಇಲಾಖೆಗೆ ಸೋಲ್‌ನಿಂದ ರಾಯಭಾರಿ ಜಾನ್ ಮುಚಿಯೊ ಅವರ ತಂತಿ ಬಂತು: ಉತ್ತರ ಕೊರಿಯಾದ ಸೇನೆ ಗಡಿ ದಾಟಿದೆ. ಅಧ್ಯಕ್ಷ ಹ್ಯಾರಿ ಟ್ರೂಮನ್ ಊರಲ್ಲಿರಲಿಲ್ಲ. ಮಿಸೌರಿಯ ತಮ್ಮ ಮನೆಗೆ ಹೋಗಿದ್ದರು. ಮೇರಿಲ್ಯಾಂಡ್‌ನ ತೋಟದ ಮನೆಯಲ್ಲಿದ್ದ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್ ಫೋನಿನಲ್ಲಿ ಸುದ್ದಿ ಮುಟ್ಟಿಸಿದರು.

ದಿನವಹಿ ವರದಿ ಟ್ರೂಮನ್‌ಗೆ ಹೊಸದಲ್ಲ. ಒಂದೊಂದು ಇಲಾಖೆಯೂ ತನ್ನದೇ ಕಡತ ತಂದು ಸುರಿಯುವುದು ಸಾಕಾಗಿ, ಎಲ್ಲವನ್ನೂ ಬಸಿದು ಒಂದೇ ಕಡೆ ಕೊಡಿ ಎಂದು ಅವರೇ ಕೇಳಿದ್ದರು. ಅಂಥ ಮೊದಲ ಸಾರಾಂಶ ಕೈಸೇರಿದ್ದು 1946ರ ಫೆಬ್ರುವರಿ 15ರಂದು. ಆದರೆ ಅದು ಶಾಂತಿಕಾಲದ ಓದು. ಯುದ್ಧಕ್ಕೆ ಬೇಕಾದದ್ದು ಬೇರೆ: ನಿನ್ನೆ ಯಾವ ಊರು ಹೋಯಿತು, ಯಾವ ಸೇತುವೆ ಉಳಿಯಿತು, ಎದುರಿಗಿರುವುದು ಯಾವ ಡಿವಿಷನ್.

ಪೆಂಟಗನ್ನಿನ ಒಂದು ಕೋಣೆಯಲ್ಲಿ ಟೆಲಿಪ್ರಿಂಟರ್ ಸಂಭಾಷಣೆಯ ಏರ್ಪಾಡಿತ್ತು. ಇಲ್ಲಿ ಟೈಪಿಸಿದ ಪ್ರಶ್ನೆ ಟೋಕಿಯೋಗೆ ಹೋಗುತ್ತಿತ್ತು, ಅಲ್ಲಿದ್ದ ಅಮೆರಿಕನ್ ಸೇನಾಧಿಪತಿ ಜನರಲ್ ಮೆಕಾರ್ಥರ್ ಕಡೆಯ ಉತ್ತರ ಪರದೆಯ ಮೇಲೆ ಮೂಡುತ್ತಿತ್ತು. ಅಲ್ಲಿ ಹಗಲಾದರೆ ಇಲ್ಲಿ ರಾತ್ರಿ. ನಿದ್ದೆಗೆಡುವ ಸರದಿ ವಾಷಿಂಗ್ಟನ್ನಿನದೇ. ಜೂನ್ 30ರ ನಸುಕಿನಲ್ಲಿ ಮೆಕಾರ್ಥರ್ ಕಾಲಾಳುಪಡೆ ಬೇಕೆಂದು ಪಟ್ಟು ಹಿಡಿದಾಗ ಸೇನಾ ಕಾರ್ಯದರ್ಶಿ ಫ್ರಾಂಕ್ ಪೇಸ್ ಅಧ್ಯಕ್ಷರಿಗೆ ಫೋನ್ ಮಾಡಿದ್ದು 4 ಗಂಟೆ 57 ನಿಮಿಷಕ್ಕೆ. ಟ್ರೂಮನ್ ಆಗಲೇ ಎದ್ದು ಕ್ಷೌರ ಮುಗಿಸಿದ್ದರು. ಶ್ವೇತಭವನ ರಿಪೇರಿಯಲ್ಲಿದ್ದುದರಿಂದ ಅವರ ವಾಸ ಎದುರಿನ ಬ್ಲೇರ್ ಹೌಸ್‌ನಲ್ಲಿ.

ಆದರೆ ಸೇನೆ ಎಲ್ಲಿದೆ ಎಂದು ಹೇಳುವ ವರದಿ, ಎದುರಾಳಿಯ ಮನಸ್ಸಿನಲ್ಲಿ ಏನಿದೆ ಎಂದೂ ಹೇಳಬೇಕಲ್ಲ? ಕೊರಿಯಾ ಎಂದರೆ ನಮಗೆ 1953ರಲ್ಲಿ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರಾಗಿ ಹೋದ ಕೊಡಗಿನ ಜನರಲ್ ತಿಮ್ಮಯ್ಯ ನೆನಪಾಗುತ್ತಾರೆ. ಅದಕ್ಕೂ ಮೂರು ವರ್ಷ ಮೊದಲೇ ಭಾರತದ ಮೂಲಕ ಒಂದು ಎಚ್ಚರಿಕೆ ವಾಷಿಂಗ್ಟನ್ ತಲುಪಿತ್ತು. 1950ರ ಅಕ್ಟೋಬರ್ ಆರಂಭದಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅಲ್ಲಿನ ನಮ್ಮ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ನಡುರಾತ್ರಿ ಕರೆಸಿ, ಎರಡು ಕೊರಿಯಾಗಳ ನಡುವಿನ ಗೆರೆಯಾದ 38ನೇ ಅಕ್ಷಾಂಶವನ್ನು ಅಮೆರಿಕನ್ನರು ದಾಟಿದರೆ ಚೀನಾ ಸುಮ್ಮನಿರದು ಎಂದರು. ಪಣಿಕ್ಕರ್ ಚೀನಾದ ಕಡೆ ವಾಲಿದವರೆಂದು ವಾಷಿಂಗ್ಟನ್ ಆ ಮಾತಿಗೆ ಬೆಲೆ ಕೊಡಲಿಲ್ಲ. ಹೇಳಿದವನ ಮೇಲಿನ ಗುಮಾನಿ ಹೇಳಿದ ಮಾತನ್ನೂ ನುಂಗಿತು. ಅಕ್ಟೋಬರ್ 12ರ ಸಿಐಎ ಅಂದಾಜು, ಆ ವರ್ಷ ಚೀನಾ ಪೂರ್ತಿಯಾಗಿ ಯುದ್ಧಕ್ಕಿಳಿಯುವ ಸಂಭವವಿಲ್ಲ ಎಂದಿತು. ಅದೇ ತಿಂಗಳು ಚೀನೀ ಪಡೆಗಳು ಗಡಿಯ ಯಾಲು ನದಿ ದಾಟಿ ಕೊರಿಯಾಕ್ಕೆ ಬಂದವು. ನವೆಂಬರ್ 28ರ ಬೆಳಗ್ಗೆ ಸೇನಾ ಮುಖ್ಯಸ್ಥರ ಸಮಿತಿಯ ಅಧ್ಯಕ್ಷ ಜನರಲ್ ಓಮರ್ ಬ್ರಾಡ್ಲಿ ಟ್ರೂಮನ್‌ಗೆ ಫೋನಿನಲ್ಲಿ ಓದಿ ಹೇಳಿದ ಮೆಕಾರ್ಥರ್ ಸಂದೇಶದ ತಾತ್ಪರ್ಯ: ಇದು ಬೇರೆಯೇ ಯುದ್ಧ.

ಅಕ್ಟೋಬರ್‌ನಲ್ಲಿ ಸಿಐಎ ಮುಖ್ಯಸ್ಥರಾಗಿ ಬಂದಿದ್ದ ವಾಲ್ಟರ್ ಬೆಡೆಲ್ ಸ್ಮಿತ್ ಕಚೇರಿಯನ್ನೇ ಕಲಕಿದರು. 1951ರ ಫೆಬ್ರುವರಿ 28ರಿಂದ ಹಳೆಯ ಸಾರಾಂಶದ ಜಾಗಕ್ಕೆ ಹೊಸ ಬುಲೆಟಿನ್ ಬಂತು. ಸುದ್ದಿಯ ಕೆಳಗೆ ಸಿಐಎಯ ಟಿಪ್ಪಣಿಯೂ ಇರುತ್ತಿತ್ತು. ರಜೆಗೆಂದು ಫ್ಲಾರಿಡಾದ ಕೀ ವೆಸ್ಟ್‌ಗೆ ಹೋಗಿದ್ದ ಟ್ರೂಮನ್ ಅದನ್ನು ಓದಿ, ಮೆಚ್ಚಿ, ಸ್ಮಿತ್‌ಗೆ ಅಲ್ಲಿಂದಲೇ ಕಾಗದ ಬರೆದರು.